ಗಂಟೆ ಬಾರಿಸುವವರೆಗೆ

"ನಾನು ಒದರಿದ್ರೂ ಕಣ್ಣು ತೆರೀಬ್ಯಾಡ್ರಿ. ಗಂಟಿ ಬಾರಿಸಿದ ಮ್ಯಾಲಷ್ಟೇ ಏಳ್ರಿ," ಎಂದು ಹೇಳಿದ ಯೋಗ ಶಿಕ್ಷಕಿ ವಿಜಯಶ್ರೀ, ಹಿತ್ತಾಳೆಯ ಗಂಟೆಯನ್ನು ನೀರಿನ ಅಂಚಿನಲ್ಲಿಟ್ಟು ದಡ ಹತ್ತಿ ನಿಂತಳು. ರಾಯಚೂರಿನಿಂದ ಬಂದ ಒಂಬತ್ತು ಹೆಂಗಸರು ಗೂಗಲ್ ಎಂಬ ಹಳ್ಳಿಯ ಬಳಿ ಕೃಷ್ಣಾ ನದಿಯ ಮರಳಿನ ಮೇಲೆ ಶವಾಸನದಲ್ಲಿದ್ದರು. ವಾರವಿಡೀ ಹುಡುಕಿ ಅವಳೇ ಆರಿಸಿದ ಜಾಗ. ಒಂದು ಮುಳ್ಳಿಲ್ಲ, ಕಲ್ಲಿಲ್ಲ. ಚಾಪೆ ಹಾಸಲೆಂದೇ ಯಾರೋ ಹಸನು ಮಾಡಿಟ್ಟಂತಿತ್ತು. ಬೆಳಗಿನ ಬಿಸಿಲು ಆಗಷ್ಟೇ ಅವರ ಪಾದ ಮುಟ್ಟಿತ್ತು.

ಬಟ್ಟೆಯ ಗಂಟು ಹೊತ್ತು ಬಂದ ಊರಿನ ಮುದುಕಿ ಸೂಗಮ್ಮ ಗಕ್ಕನೆ ನಿಂತಳು. "ಯವ್ವಾ, ಅಲ್ಲ್ಯಾಕ ಮಲಗಿಸೀದಿ ಇವರನ್ನ?"

"ಉಸುಕು ಎಷ್ಟು ನುಣ್ಣಗ ಅದ ನೋಡಬೇ. ಯಾರು ಹಸನ ಮಾಡ್ಯಾರ?"

"ಯಾರೂ ಮಾಡಿಲ್ಲವ್ವಾ. ಬಿಸಲು ಬಿದ್ದ ಕೂಡ್ಲೇ ಮೊಸಳಿ ಬಂದು ಮಲಗೋ ಜಾಗಾ ಅದು."

ಗಂಟೆಯ ಆಚೆ, ನಿಂತ ನೀರಿನಲ್ಲಿ, ಮರದ ತೊಲೆಯಂಥದ್ದೊಂದು ಸದ್ದಿಲ್ಲದೆ ದಡದತ್ತ ತಿರುಗಿತು.

"ಏಳ್ರೀ! ಓಡ್ರೀ!" ವಿಜಯಶ್ರೀ ಗಂಟಲು ಹರಿಯುವಂತೆ ಕೂಗಿದಳು. ಒಬ್ಬರೂ ಮಿಸುಕಲಿಲ್ಲ. ನೀರಿಗೆ ಎಲ್ಲರಿಗಿಂತ ಹತ್ತಿರ ಮಲಗಿದ್ದ ಸ್ವಪ್ನಾ ಮಾತ್ರ, ಟೀಚರ್ ಪರೀಕ್ಷೆ ಮಾಡುತ್ತಿದ್ದಾರೆಂದುಕೊಂಡು, ಕಣ್ಣು ಮುಚ್ಚಿಕೊಂಡೇ ಮುಗುಳ್ನಕ್ಕಳು.