‘ಟ್ರೈ’ ಅಂದ್ರ ಏನು?

ದಿನಕ್ಕೆ ಹತ್ತು ಸಲ ನಾವೆಲ್ಲ ಆಡುವ ಒಂದು ಇಂಗ್ಲಿಷ್ ಮಾತಿನ ಕಥೆ ಇದು... ಎರಡು ನಿಮಿಷ ಕೊಟ್ಟು ಓದಿ.

ಬಾಗಲಕೋಟೆ ಕಡೆಯ ಒಂದು ನೇಕಾರರ ಊರು. ಅಲ್ಲಿನ ಬಸ್ ಸ್ಟ್ಯಾಂಡ್ ಎದುರಿಗೆ ಮೌನೇಶ ಪತ್ತಾರ ಎಂಬವನ ಫೋಟೋ ಸ್ಟುಡಿಯೋ.

ಮನುಷ್ಯ ಕೆಟ್ಟವನಲ್ಲ... ಆದರೆ ‘ಆಗೋದಿಲ್ಲ’ ಎಂದು ಯಾರಿಗೂ ಮುಖದ ಮೇಲೆ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ‘ಟ್ರೈ ಮಾಡ್ತೀನಿ’ ಅಂದುಬಿಡುತ್ತಿದ್ದ.

ಊರವರಿಗೆ ಅದರ ಅರ್ಥ ಗೊತ್ತಿತ್ತು. ಮೌನೇಶ ಟ್ರೈ ಅಂದ ಅಂದರೆ ಸುಮ್ಮನೆ ಬೇರೆ ಅಂಗಡಿಗೆ ಹೋಗುತ್ತಿದ್ದರು.

ಯುಗಾದಿ ಮುಗಿದ ಮೇಲೆ ಒಂದು ಸಂತೆಯ ದಿನ ಪಕ್ಕದ ಹಳ್ಳಿಯ ನಿಂಬೆವ್ವ ಎಂಬ ಹೆಂಗಸು ಸ್ಟುಡಿಯೋಕ್ಕೆ ಬಂದಳು. ಐವತ್ತರ ಆಸುಪಾಸು. ಮಗ್ಗದ ಮನೆಯಲ್ಲಿ ನೂಲು ಸುತ್ತುವ ಕೆಲಸ ಅವಳದು.

ಪ್ಲಾಸ್ಟಿಕ್ ಕವರಿನಿಂದ ಶಾಲೆಯ ಒಂದು ಗ್ರೂಪ್ ಫೋಟೋ ತೆಗೆದಳು. ನೀರು ಬಿದ್ದು ಕಲೆಯಾಗಿತ್ತು. ಎರಡನೇ ಸಾಲಿನ ಕೊನೆಗೆ ನಿಂತಿದ್ದ ಹುಡುಗಿಯ ಮೇಲೆ ಬೆರಳಿಟ್ಟಳು... ಮುಖ ಕಡಲೆಕಾಳಿನಷ್ಟು.

ಅದು ಅವಳ ಒಬ್ಬಳೇ ಮಗಳು ಸುನಂದಾ. ಏಳನೇ ಕ್ಲಾಸಿನಲ್ಲಿದ್ದಾಗ ಮೆದುಳು ಜ್ವರ ಬಂದು ಮೂರೇ ದಿನಕ್ಕೆ ಹೋಗಿಬಿಟ್ಟಿದ್ದಳು. ಆ ಮಗುವಿನ ಫೋಟೋ ಅಂತ ಉಳಿದದ್ದು ಅದೊಂದೇ.

“ಅಕೀ ಮುಖ ಅಷ್ಟ ದೊಡ್ಡದ ಮಾಡಿ ಕೊಡ್ರಿ ಅಣ್ಣಾರ. ನನ್ನ ಕಣ್ಣು ಮಂಜಾಗಾಕತ್ತಾವು... ಇಷ್ಟ ಸಣ್ಣದು ಕಾಣವಲ್ದು.”

ಮದುವೆ ಸೀಸನ್. ಟೇಬಲ್ ತುಂಬ ಆಲ್ಬಂ ಕೆಲಸ. ಕಲೆ ತೆಗೆದು ಆ ಮುಖ ಮೂಡಿಸುವುದಕ್ಕೆ ಕಣ್ಣು ಕೀಲಿಸಿ ಕೂರಬೇಕು... ಯಾರಿಗೆ ಬೇಕು?

“ಟ್ರೈ ಮಾಡ್ತೀನವ್ವ” ಎಂದು ಫೋಟೋ ತೆಗೆದು ಡ್ರಾಯರಿಗೆ ಹಾಕಿದ.

ಮುಂದಿನ ಸಂತೆಗೆ ಅವಳು ಮತ್ತೆ ಬಂದಳು. ಅದರ ಮುಂದಿನ ಸಂತೆಗೂ ಬಂದಳು. ಮೌನೇಶ ಕಂಪ್ಯೂಟರಿನಿಂದ ತಲೆ ಎತ್ತದೆ ಟ್ರೈ ಮಾಡುತ್ತಿದ್ದೇನೆ ಅನ್ನುತ್ತಿದ್ದ. ಕಷ್ಟದ ಕೆಲಸ, ಆಗಲಿ ಬಿಡಿ ಎಂದು ಅವಳೇ ಅವನಿಗೆ ಸಮಾಧಾನ ಹೇಳಿ ಹೋಗುತ್ತಿದ್ದಳು.

ದಸರಾ ಕಳೆದ ಮೇಲೆ ಬರುವುದು ನಿಂತಿತು. ಮೌನೇಶನಿಗೆ ಒಳಗೊಳಗೇ ಹಗುರವಾಯಿತು... ನಿಜ ಹೇಳಬೇಕೆಂದರೆ, ಅವನು ಅವಳನ್ನು ಮರೆತೇಬಿಟ್ಟ.

ದೀಪಾವಳಿ ಆಗಿ ವಾರ ಕಳೆದಿತ್ತು. ನಿಂಬೆವ್ವನ ಓಣಿಯ ಬಸಮ್ಮ ಪಾಸ್‌ಪೋರ್ಟ್ ಸೈಜ್ ಫೋಟೋಕ್ಕೆಂದು ಬಂದವಳು ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ನಿಂಬೆವ್ವ ಹೇಳುವ ಅಣ್ಣಾರು ನೀವೇ ಏನು ಎಂದು ಕೇಳಿದಳು.

ನಿಂಬೆವ್ವ ಮೊದಲ ದಿನವೇ ಬಸಮ್ಮನ ಮಗಳ ಹತ್ತಿರ ಹೋಗಿ ‘ಟ್ರೈ’ ಅಂದ್ರ ಏನು ಎಂದು ಕೇಳಿದ್ದಳಂತೆ. ಹುಡುಗಿ ಪುಸ್ತಕ ತೆಗೆದು, ಟ್ರೈ ಅಂದರೆ ಪ್ರಯತ್ನ ಮಾಡು ಎಂದು ಓದಿ ಹೇಳಿದ್ದಳು.

“ಅವತ್ತಿನಿಂದ ಓಣಿ ತುಂಬ ಅಕೀದು ಅದ ಮಾತು ರೀ. ‘ನನ್ನ ಮಗಳ ಸಲುವಾಗಿ ಒಬ್ರು ಪ್ರಯತ್ನ ಮಾಡಾಕತ್ತಾರ’ ಅಂತ.”

ಬಾಗಲಕೋಟೆಯ ಯಾವುದಾದರೂ ಸ್ಟುಡಿಯೋಕ್ಕೆ ಕೊಡು ಎಂದು ಬಸಮ್ಮ ಎಷ್ಟೋ ಸಲ ಹೇಳಿದ್ದಳು. ನಿಂಬೆವ್ವ ಕೇಳಿರಲಿಲ್ಲ. ಅಷ್ಟು ಕಷ್ಟಪಡುತ್ತಿರುವವರ ಕೈಯಿಂದ ವಾಪಸ್ ಇಸಿದುಕೊಂಡರೆ ಅವರ ಮನಸ್ಸಿಗೆ ನೋವಾಗುತ್ತದೆ ಅಂದಿದ್ದಳು.

ಬಸಮ್ಮ ಹೋದ ಮೇಲೆ ಮೌನೇಶ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡ. ಡ್ರಾಯರಿನ ತಳದಿಂದ ಆ ಫೋಟೋ ತೆಗೆದ. ಸ್ಕ್ಯಾನ್ ಮಾಡಿ, ಕಲೆ ತೆಗೆದು, ಒಂದೊಂದೇ ಗೆರೆ ಸರಿಪಡಿಸುತ್ತ ಕುಳಿತ.

ಸುನಂದಾಳ ಮುಖ ಸ್ಪಷ್ಟವಾಗಿ ಮೂಡಿತು.

ಹಿಡಿದ ಸಮಯ... ಒಂದು ಗಂಟೆ ಹತ್ತು ನಿಮಿಷ.

ಅದೇ ಸಂಜೆ ಫ್ರೇಮ್ ಹಾಕಿಸಿ ಅವಳ ಹಳ್ಳಿಗೆ ಹೋಗಿ ಮನೆ ಹುಡುಕಿದ. ನಿಂಬೆವ್ವ ಕಟ್ಟೆಯ ಮೇಲೆ ಕೂತಿದ್ದಳು. ಸ್ಟುಡಿಯೋದವನು ಬಂದಿದ್ದೇನೆ ಅಂದ ಕೂಡಲೇ ಎರಡೂ ಕೈ ಚಾಚಿದಳು.

ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಗಾಜನ್ನು ಸವರಿದಳು... ತಲೆಕೆಳಗಾಗಿ ಹಿಡಿದಿದ್ದಳು.

ಕಣ್ಣಿನ ನರಗಳು ಒಣಗಿವೆ, ಇನ್ನು ದೃಷ್ಟಿ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ ಎಂದು ಅವಳೇ ಮೆಲ್ಲಗೆ ತಿಳಿಸಿದಳು. ಮೌನೇಶ ಫೋಟೋವನ್ನು ನೇರ ಮಾಡಿ ಕೈಗೆ ಕೊಟ್ಟ.

“ಹ್ಯಾಂಗ ಕಾಣ್ತಾಳ್ರಿ?”

“ಎರಡು ಜಡಿ ಹಾಕ್ಯಾಳ ಅವ್ವ. ಒಂದು ರಿಬ್ಬನ್ ಬಿಚ್ಚೇತಿ. ಬಿಸಲಿಗೆ ಕಣ್ಣು ಕಿರಿದ ಮಾಡ್ಯಾಳ... ಏನೋ ಮಾತಾಡಾಕ ಬಾಯಿ ತಗದಂಗ ಐತಿ.”

ನಿಂಬೆವ್ವ ನಕ್ಕಳು. ಸುಮ್ಮನೆ ನಿಲ್ಲುವವಳೇ ಅಲ್ಲ ಅವಳು ಅಂದಳು. ಆಮೇಲೆ ಅವನ ಕೈ ಹುಡುಕಿ ಹಿಡಿದುಕೊಂಡು, ನನ್ನ ಸಲುವಾಗಿ ಏಳು ತಿಂಗಳು ಎಷ್ಟು ತ್ರಾಸ ಪಟ್ಟಿರಿ ಎಂದು ಕಣ್ಣಿಗೊತ್ತಿಕೊಂಡಳು.

ಆ ಕೃತಜ್ಞತೆಯನ್ನು ಹೊರಲು ಅವನಿಂದ ಆಗಲಿಲ್ಲ.

“ಒಂದ ತಾಸಿನ ಕೆಲಸ ಇತ್ತವ್ವ... ನಾ ಮಾಡಿದ್ದಿಲ್ಲ. ಇವತ್ತ ಮಧ್ಯಾಹ್ನ ಮಾಡೀನಿ.”

ಅವಳ ಕೈ ನಿಧಾನವಾಗಿ ಸಡಿಲವಾಯಿತು. ಒಂದು ಬೈಗುಳ ಬರಲಿ ಎಂದು ಅವನು ತಲೆ ತಗ್ಗಿಸಿ ಕಾದ. ಬೈಗುಳ ಬರಲಿಲ್ಲ.

“ದಸರಾದ ತನಕ ನನಗ ಕಾಣ್ತಿತ್ತಲ್ರಿ...” ಎಂದಳು. ಅಷ್ಟೇ.

ಅವನು ಎದ್ದು ಹೊರಡುವಾಗ ನಿಂಬೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಇನ್ನೊಮ್ಮೆ ಹೇಳ್ರಿ... ಹ್ಯಾಂಗ ಅದಾಳು ಅಕಿ?”

ಮೌನೇಶ ಮತ್ತೆ ಅವಳ ಪಕ್ಕದಲ್ಲಿ ಕುಳಿತು ಮೊದಲಿನಿಂದ ಹೇಳಿದ.

ಈಗ ಅವನ ಬಾಯಲ್ಲಿ ಆ ಇಂಗ್ಲಿಷ್ ಮಾತಿಲ್ಲ. ಆಗುವುದಾದರೆ ಇಂಥ ದಿನ ಬನ್ನಿ ಅನ್ನುತ್ತಾನೆ... ಆಗದಿದ್ದರೆ ಆಗುವುದಿಲ್ಲ ಅನ್ನುತ್ತಾನೆ. ಕೆಲವು ಗಿರಾಕಿಗಳು ಮುನಿಸಿಕೊಂಡಿದ್ದೂ ಉಂಟು.

*

‘ಇಲ್ಲ’ ಅನ್ನುವ ಮಾತು ಒಂದು ದಿನ ನೋಯಿಸುತ್ತದೆ... ಸುಳ್ಳು ‘ಟ್ರೈ’ ನಂಬಿದವರ ದಿನಗಳನ್ನೇ ತಿಂದುಹಾಕುತ್ತದೆ.

ಈ ಹೊತ್ತಿನಲ್ಲಿ ನಿಮ್ಮ ‘ಟ್ರೈ ಮಾಡ್ತೀನಿ’ಯನ್ನು ನಿಜವೆಂದು ನಂಬಿ ಎಲ್ಲೋ ಒಬ್ಬರು ಕಾಯುತ್ತಿಲ್ಲ ಎಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ?