ಬೊಗಸೆ ಚಪ್ಪಾಳೆ

“ಬ್ರದರ್, ನಮ್ಮ ಎಂಬೆಸಿಗೆ ಒಂದು ಫೋನ್ ಮಾಡು,” ಎಂದಳು ಚಿಪೊ, ಅಂಗಡಿಯ ಅಕ್ಕಿಮೂಟೆಗಳ ಹಿಂದೆ ಕುಸಿದು. ಕಾಲಲ್ಲಿ ಚಪ್ಪಲಿಯೂ ಇರಲಿಲ್ಲ. ಜಿಂಬಾಬ್ವೆಯಲ್ಲಿ ಟೀಚರಾಗಿದ್ದವಳು, ಅಲ್ಲಿ ಸಂಬಳಕ್ಕೆ ಬೆಲೆಯೇ ಇಲ್ಲದಂತಾದಾಗ, ಹೋಟೆಲ್ ಕೆಲಸವೆಂದ ಏಜೆಂಟನನ್ನು ನಂಬಿ ಕುವೈತಿಗೆ ಬಂದು, ರುಮೈಥಿಯಾ ಬಡಾವಣೆಯ ಈ ಅಂಗಡಿಯ ಎದುರು ಮನೆಯಲ್ಲಿ ಆಳಾಗಿದ್ದಳು. ಈಗ ಗೋಡೆ ಹಾರಿ ಬಂದಿದ್ದಳು.

ಏನು ಕೊಟ್ಟರೂ ಅವಳು ಮೊದಲು ಮಂಡಿ ಬಗ್ಗಿಸಿ, ಅಂಗೈಗಳನ್ನು ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟುವಳು. ಅವರ ಊರಿನ ಹೆಂಗಸರು ಉಪಕಾರ ನೆನೆಯುವುದು ಹಾಗೆ. “ಕುಬ್ಬೂಸ್ ರೊಟ್ಟಿಗೇ ಇಷ್ಟು ಚಪ್ಪಾಳೆಯಾದ್ರೆ, ಬಿರಿಯಾನಿ ಕೊಟ್ರೆ ಕುಣೀತೀಯಾ?” ಎಂದು ಅಂಗಡಿಯ ಅಶ್ಕರ್ ಎಷ್ಟೋ ಸಲ ನಗಿಸಿದ್ದ.

ಇವತ್ತು ಅಶ್ಕರ್ ನಗಲಿಲ್ಲ. ಎದುರು ಮನೆಯ ಯಜಮಾನನೇ ಅವನಿಗೂ ಕಫೀಲ್, ವೀಸಾಕ್ಕೆ ಹೊಣೆ ನಿಂತ ಧಣಿ. ಅವನ, ಹೆಂಡತಿಯ, ಶಾಲೆಗೆ ಹೋಗುವ ಮಗಳು ನುಹಾಳ ಇಕಾಮಾ, ಅಂದರೆ ಅಲ್ಲಿ ವಾಸಿಸುವ ಪರವಾನಗಿ, ಮುಂದುವರಿಯಲು ಈ ವಾರ ಆತನ ಸಹಿ ಬೇಕಿತ್ತು.

“ಕೂತ್ಕೊ ಸಿಸ್ಟರ್, ಮಾಡ್ತೇನೆ,” ಎಂದು ಫೋನ್ ಕಿವಿಗಿಟ್ಟ. ಚಿಪೊ ಮಂಡಿ ಬಗ್ಗಿಸಿ ತಟ್ಟತೊಡಗಿದಳು.

ಅಶ್ಕರ್ ಅವಳತ್ತ ನೋಡದೆ, ಅರಬ್ಬಿಯಲ್ಲಿ, “ನಿಮ್ಮ ಮನೆಯ ಹುಡುಗಿ ಇಲ್ಲಿದ್ದಾಳೆ,” ಎಂದ.

ಅರಬ್ಬಿ ಇನ್ನೂ ಅರ್ಥವಾಗದ ಅವಳು ಮೆಲ್ಲಗೆ ತಟ್ಟುತ್ತಲೇ ಇದ್ದಳು.