ಹಿತ್ತಾಳೆ ಟೋಕನ್

ಶೌಚಕ್ಕೆ ಹೋಗಲೂ ಟೋಕನ್ ಬೇಡಬೇಕಿದ್ದ ಗಾರ್ಮೆಂಟ್ಸ್‌ನಲ್ಲಿ ಮುಷ್ಕರ ಹೂಡಿ ಮಾಲೀಕನನ್ನು ಓಡಿಸಿದವಳು ಪುಟ್ಟಗೌರಿಯೇ. ಈಗ ಕಾರ್ಖಾನೆ ನಲವತ್ತು ಮಂದಿ ಕೆಲಸಗಾರರದ್ದು. ಆ ಹಿತ್ತಾಳೆ ಟೋಕನ್ನನ್ನು ಅವಳೇ ಚರಂಡಿಗೆ ಎಸೆದಿದ್ದಳು.

ಜ್ವರವೆಂದು ವಾರ ರಜೆಯಲ್ಲಿದ್ದು ಅಂದು ಕೆಲಸಕ್ಕೆ ಬಂದವಳು, ಮಧ್ಯಾಹ್ನ ಮಿಷನ್ ನಿಲ್ಲಿಸಿ ಎದ್ದಳು.

"ಅಕ್ಕಾ, ಟೋಕನ್ ತಗೊಂಡ್ಹೋಗು," ಎಂದು ಪಕ್ಕದ ಸಾಕಮ್ಮ ಹೊಸದೊಂದು ಪ್ಲಾಸ್ಟಿಕ್ ಬಿಲ್ಲೆ ಚಾಚಿದಳು.

"ಇದನ್ನ ಯಾವನೇ ತಂದಿಟ್ಟೋನು? ಮತ್ತೆ ಬಂದ್ನಾ ಅವ್ನು?"

"ಅವ್ನ್ಯಾಕೆ ಬರ್ತಾನೆ? ನಾವೇ ಮೀಟಿಂಗಲ್ಲಿ ಕೈ ಎತ್ತಿದ್ವಿ. ದಿನಕ್ಕೆ ಎರಡೇ ಸಲ."

"ಅವ್ನು ಮೂರು ಸಲ ಬಿಡ್ತಿದ್ನಲ್ಲೇ!"

"ಅವಾಗ ನಷ್ಟ ಅವ್ನದಾಗಿತ್ತಕ್ಕ."

ಪುಟ್ಟಗೌರಿ ಬಿಲ್ಲೆ ಮುಟ್ಟದೆ ಬಾಗಿಲ ಕಡೆ ನಡೆದಳು. ಮಿಷನ್‌ಗಳೆಲ್ಲ ಒಮ್ಮೆಲೇ ನಿಂತವು. ಮೂವತ್ತೊಂಬತ್ತು ಮಾಲೀಕರು ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದರು.